ಕೆಂಪು ಗೆರೆಯ ದಾರಿಯಲ್ಲಿ

ಲಂಡನ್ ನಗರಕ್ಕೆ ಹೋದವರು ನೋಡಿ ಬರುವ ಅರಮನೆ, ಗೋಪುರ, ವಸ್ತುಸಂಗ್ರಹಾಲಯಗಳ ವರ್ಣನೆಯನ್ನು ವಾಚಕರು ಅನೇಕ ಸಲ ಓದಿರಬಹುದು. ನಾನು ಹೇಳಹೊರಟಿರುವುದು ಅಂಥ ಯಾವ ಪ್ರೇಕ್ಷಣೀಯ ಸ್ಥಳದ ಸಂಗತಿಯನ್ನೂ ಅಲ್ಲ. ನಾಲ್ಕೈದು ಮೈಲಿ ಉದ್ದದ ಒಂದು ಸಾಧಾರಣ ಬೀದಿಯ ಸಂಗತಿಯನ್ನು. ಅದನ್ನು ಕಣ್ಣಿಟ್ಟು ನೋಡುವುದಕ್ಕೆ ನನಗೊಂದು ಕಾರಣವಿದ್ದಿತು. ಧಾರವಾಡದಿಂದ ಹೊರಡುವಾಗ ನನ್ನ ತಂಗಿಯು ಶೇಂಗಾ ಚಟ್ನಿ, ಮೆಂತೆಹಿಟ್ಟುಗಳ ಡಬ್ಬಿಗಳ ಜೊತೆಗೆ ಒಂದು ಕೆಲಸವನ್ನೂ ನನ್ನ ಹೆಗಲಿಗೆ ಏರಿಸಿದ್ದಳು. ಅವಳ ಹಿರಿಯ ಮಗನು ಲಂಡನ್ನಿನ ತೆಂಕಣ ಭಾಗದ ಸ್ಟ್ರೆಟಮ್ ಎಂಬಲ್ಲಿ ಮನೆ ಮಾಡಿಕೊಂಡು, ಥೇಮ್ಸ್ ನದಿಯ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮನೆಯಿಂದ ಆಸ್ಪತ್ರೆಗೆ ದಿನವೂ ಮೋಟಾರು ಸೈಕಲ್ಲಿನ ಮೇಲೆಯೇ ಹೋಗಿಬರುವನು. ಹಿಂದೊಮ್ಮೆ ಬಿದ್ದು ಕೊರಳಿನ ಎಲುಬನ್ನು ಮುರಿದುಕೊಂಡಿದ್ದನು. ಆ ಸುದ್ದಿಯನ್ನು ತಾಯಿಗೆ ತಿಳಿಸದೆ ಮುಚ್ಚಿಟ್ಟಿದ್ದನಾದರೂ, ಯಾರೋ ಕಳಿಸಿದ ಒಂದು ಭಾವಚಿತ್ರದಲ್ಲಿ ಜೋಳಿಗೆ ಕಟ್ಟಿದ ಕೈಯು ಅವಳ ಕಣ್ಣಿಗೆ ಬಿದ್ದುಬಿಟ್ಟಿತು.

“ಅಣ್ಣಾ, ಏನರ ಮಾಡು, ಆ ಗಾಡಿ ಮಾರಿಸಿ ಬಾ. ನಿನ್ನ ಮಾತು ಅವ ಮೀರೂದಿಲ್ಲ” ಎಂದು ಅವಳು ಹೇಳಿದಾಗ ನಾನು ಹೂಂಗುಟ್ಟಿದೆನು. ಹೂಂಗುಟ್ಟುವುದು ಸುಲಭ. ಆದರೆ ಹುಡುಗನೊಡನೆ ವಾದಿಸುವುದಕ್ಕೆ ಮೊದಲು ಅವನು ಹೋಗುವ ದಾರಿಯನ್ನಾದರೂ ಒಮ್ಮೆ ನೋಡಬೇಕೆಂದು ನನಗೆ ತೋರಿತು.

ಒಂದು ಬೆಳಗ್ಗೆ ನದಿಯ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಯಿಂದ ಹೊರಟೆನು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಆ ದಂಡೆಯ ಮೇಲೆ, ಲ್ಯಾಂಬೆತ್ ಸೇತುವೆಯ ಸಮೀಪದಲ್ಲಿ, 2015ನೆಯ ಇಸವಿಯ ನವೆಂಬರ್ 14ರಂದು ಅದರ ಅನಾವರಣವಾಯಿತು. ಹೊಳೆಯ ಆಚೆಗೆ ಪಾರ್ಲಿಮೆಂಟಿನ ಗೋಪುರಗಳು. ಈಚೆಗೆ ನಮ್ಮ ಅಣ್ಣನವರು. ಕನ್ನಡಿಗನಾದವನು ಅಲ್ಲಿ ಕೈಮುಗಿಯದೆ ಮುಂದೆ ಹೋಗಲಾರನು. ಅಲ್ಲಿಂದ ಹೊಳೆಯ ಅಂಚನ್ನು ಹಿಡಿದು ಪ್ರವಾಹಕ್ಕೆ ಎದುರಾಗಿ ಸ್ವಲ್ಪ ದೂರ ನಡೆದರೆ ವಾಕ್ಸ್‌ಹಾಲ್ ಸೇತುವೆಯು ಬರುತ್ತದೆ. 1906ರಲ್ಲಿ ತೆರೆದ ಈ ಸೇತುವೆಯ ಕಂಬಗಳ ಮೇಲೆ ಕಂಚಿನ ಎಂಟು ದೊಡ್ಡ ಸ್ತ್ರೀಪ್ರತಿಮೆಗಳಿವೆ. ಅವುಗಳಲ್ಲೊಬ್ಬಳು ಸೇಂಟ್ ಪಾಲ್ ಮಂದಿರದ ಚಿಕ್ಕದೊಂದು ಮಾದರಿಯನ್ನು ಕೈಯಲ್ಲಿ ಹಿಡಿದು ನಿಂತಿರುವಳು. ಆದರೆ ಸೇತುವೆಯ ಮೇಲೆ ನಡೆಯುವವರಿಗೆ ಅವು ಕಾಣುವುದಿಲ್ಲ. ಹೊಳೆಯಲ್ಲಿ ದೋಣಿಯಿಂದ ಹೋಗುವವನಿಗೆ, ಇಲ್ಲವೆ ನನ್ನಂತೆ ಕಟಕಟೆಗೆ ಒರಗಿ ಕತ್ತನ್ನು ಬಗ್ಗಿಸುವ ಪರದೇಶದವನಿಗೆ ಮಾತ್ರ ದರ್ಶನ.

ಈ ಸೇತುವೆಗೆ ಬಂದುದಕ್ಕೆ ಬೇರೊಂದು ಕಾರಣವೂ ಉಂಟು. ಲಂಡನ್ನಿನಲ್ಲಿ ಬಸ್ಸುಗಳಿಗೆಂದೇ ರಸ್ತೆಯ ಒಂದು ಪಾಲನ್ನು ಮೊಟ್ಟಮೊದಲು ಗೆರೆ ಎಳೆದು ಬೇರ್ಪಡಿಸಿದುದು 1968ರ ಫೆಬ್ರುವರಿಯಲ್ಲಿ, ಇದೇ ಸೇತುವೆಯ ಮೇಲೆ. ಒಬ್ಬೊಬ್ಬರನ್ನು ಹೊತ್ತ ನೂರು ಕಾರುಗಳು ದಾರಿಯನ್ನೆಲ್ಲ ತುಂಬಿ, ಅವುಗಳ ಹಿಂದೆ ಐವತ್ತು ಜನರ ಬಸ್ಸು ಕಾದು ನಿಲ್ಲುವುದು ನ್ಯಾಯವಲ್ಲವೆಂಬ ವಿಚಾರವೇ ಅದರ ಮೂಲ. ಎಡಗಡೆಯ ಅಂಚಿನಲ್ಲಿ ದಪ್ಪನೆಯ ಬಿಳಿಯ ಗೆರೆ, ಗೆರೆಯ ಒಳಗೆ ನೆಲದ ಮೇಲೆ ದೊಡ್ಡ ಅಕ್ಷರಗಳು, ಕಂಬದ ಮೇಲೊಂದು ನೀಲಿಯ ಫಲಕ—ಇಷ್ಟೇ ಅದರ ಆಡಂಬರ. ಗೋಡೆಯಿಲ್ಲ, ಬೇಲಿಯಿಲ್ಲ. ಕಾರಿನವನು ಗೆರೆಯನ್ನು ದಾಟಿದರೆ ಛಾಯಾಯಂತ್ರವು ಅವನ ಗಾಡಿಯ ಅಂಕಿಯನ್ನು ಹಿಡಿದುಕೊಳ್ಳುವುದು. ನಗರ ಸಾರಿಗೆ ಸಂಸ್ಥೆಯ ಕೈಯೊಳಗಿನ ಹೆದ್ದಾರಿಗಳಲ್ಲಿ ದಂಡವನ್ನು 2022ರಲ್ಲಿ 160 ಪೌಂಡುಗಳಿಗೆ ಏರಿಸಿದರು.

ಸೇತುವೆಯ ತೆಂಕಣ ತುದಿಯಲ್ಲಿ 2ನೆಯ ನಂಬರಿನ ಬಸ್ಸನ್ನು ಹತ್ತಿ, ಮೇಲಂತಸ್ತಿನ ಮುಂದಿನ ಆಸನದಲ್ಲಿ ಕುಳಿತೆನು. ಮಕ್ಕಳು ಹಂಬಲಿಸುವ ಜಾಗವದು. ನನ್ನ ಪಕ್ಕದಲ್ಲಿ ಆಗಲೇ ಒಬ್ಬ ಹುಡುಗನು ಗಾಜಿಗೆ ಮೂಗನ್ನು ಒತ್ತಿ ಕುಳಿತಿದ್ದನು. ಸೌತ್ ಲ್ಯಾಂಬೆತ್ ರಸ್ತೆಯ ಪೋರ್ತುಗೀಜರ ಅಂಗಡಿಗಳು, ಸ್ಟಾಕ್‌ವೆಲ್ಲಿನ ವೃತ್ತ, ಆಮೇಲೆ ಬ್ರಿಕ್ಸ್‌ಟನ್ನಿನ ಸಂತೆಯ ಗದ್ದಲ. ಅಲ್ಲಿ ಇಳಿದು ಸ್ಟ್ರೆಟಮ್ಮಿಗೆ ಹೋಗುವ 159ನೆಯ ಬಸ್ಸಿಗೆ ಬದಲಾಯಿಸಿಕೊಂಡೆನು. ಹಿಂಬದಿಯ ಕಟ್ಟೆಯಿಂದ ಹಾರಿ ಹತ್ತುವ ಹಳೆಯ ಮಾದರಿಯ ಕೆಂಪು ಬಸ್ಸುಗಳು ನಿತ್ಯದ ಓಡಾಟದಲ್ಲಿ ಕೊನೆಯವರೆಗೆ ಉಳಿದಿದ್ದುದು ಈ ನಂಬರಿನಲ್ಲಿಯೇ. 2005ರ ಡಿಸೆಂಬರಿನಲ್ಲಿ ಅವು ನಿಂತವು.

ಇಲ್ಲಿಂದ ಮುಂದೆ ರಸ್ತೆಯ ಎರಡೂ ಅಂಚುಗಳಿಗೆ ಕೆಂಪು ಗೆರೆಗಳಿವೆ. ಗಾಡಿಗಳು ಮನಬಂದಂತೆ ನಿಲ್ಲಕೂಡದೆಂದು ಅದರ ಅರ್ಥ. ಇಂಥ ಕೆಂಪು ಗೆರೆಯ ರಸ್ತೆಗಳು ಇಡೀ ಲಂಡನ್ನಿನ ದಾರಿಗಳಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಆದರೆ ಸಂಚಾರದ ಮೂರನೆಯ ಒಂದು ಪಾಲಿನಷ್ಟನ್ನು ಅವೇ ಹೊರುತ್ತವೆ. ನಮ್ಮ ಬಸ್ಸು ತನ್ನ ಪಥದಲ್ಲಿ ನೆಟ್ಟಗೆ ಸಾಗುತ್ತಿರಲು, ಬಲಗಡೆಯ ಕಾರುಗಳ ಸಾಲು ಇದ್ದಲ್ಲಿಯೇ ಇದ್ದಿತು. ಅಷ್ಟರಲ್ಲಿ ಬಸ್ಸು ನಿಲುಗಡೆಯಲ್ಲಿ ನಿಂತಾಗ ಹಿಂದಿನಿಂದ ಒಂದು ಮೋಟಾರು ಸೈಕಲ್ಲು ಬಂದು, ನಮ್ಮನ್ನು ಬಳಸಿಕೊಂಡು, ಮತ್ತೆ ಬಸ್ಸಿನ ಪಥವನ್ನೇ ಸೇರಿ ಮುಂದೆ ಹೋಯಿತು. ಅದರ ಹಿಂದೆ ಇನ್ನೆರಡು. ನನ್ನ ಎದೆ ಧಸಕ್ಕೆಂದಿತು. ಇವರು ಕಾಯಿದೆಯನ್ನು ಮುರಿಯುತ್ತಿರುವರೇನೋ ಎಂದುಕೊಂಡೆನು. ಆದರೆ ನೀಲಿ ಫಲಕವನ್ನು ನೋಡಿದರೆ ಬಸ್ಸು, ಬೈಸಿಕಲ್ಲುಗಳ ಚಿತ್ರದ ಜೊತೆಗೆ ಮೋಟಾರು ಸೈಕಲ್ಲಿನ ಚಿತ್ರವೂ ಇದ್ದಿತು.

ಈ ಚಿತ್ರವು ಆ ಫಲಕವನ್ನು ಏರಿದ ಕಥೆಯು ಸ್ವಾರಸ್ಯವಾದುದು. ಬೈಸಿಕಲ್ಲಿನವರಿಗೂ ಕರಿಯ ಟ್ಯಾಕ್ಸಿಗಳಿಗೂ ಬಹುದಿನಗಳಿಂದ ಅಲ್ಲಿ ಪ್ರವೇಶವಿದ್ದಿತು. ನಮಗೇಕೆ ಇಲ್ಲವೆಂದು ಮೋಟಾರು ಸೈಕಲ್ಲಿನವರು ಕೇಳುತ್ತಲೇ ಬಂದಿದ್ದರು. 2008ರ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ನರು ಈ ವಿಷಯದಲ್ಲಿ ಮಾತು ಕೊಟ್ಟು ಮೇಯರರಾದರು. 2009ರ ಜನವರಿ 5ರಿಂದ ಕೆಂಪು ಗೆರೆಯ ರಸ್ತೆಗಳ ಬಸ್ಸಿನ ಪಥಗಳಲ್ಲಿ 18 ತಿಂಗಳ ಪರೀಕ್ಷೆಯು ಆರಂಭವಾಯಿತು. ಅದರ ಫಲವು ಅಷ್ಟು ನೆಟ್ಟಗಾಗಲಿಲ್ಲ. ದಾರಿ ತೆರವಾಗಿರುವುದನ್ನು ಕಂಡು ಸವಾರರು ವೇಗವನ್ನು ಹೆಚ್ಚಿಸಿದರು, ಡಿಕ್ಕಿಗಳೂ ಹೆಚ್ಚಿದುವು. ಇದನ್ನೇ ಹಿಡಿದು ಬೈಸಿಕಲ್ಲಿನವರ ಸಂಘವು, ಇದ್ದ ಒಂದು ಆಸರೆಯನ್ನೂ ನಮ್ಮಿಂದ ಕಸಿದಿರಿ ಎಂದು ಆಕ್ಷೇಪಿಸಿತು. ಅಧಿಕಾರಿಗಳು ಅದನ್ನು ಅಲ್ಲಿಗೇ ಬಿಡದೆ, 2010ರಲ್ಲಿ ಎರಡನೆಯ ಪರೀಕ್ಷೆಯನ್ನು ಹೂಡಿ, ಈ ಸಲ ಪೋಲೀಸರನ್ನು ರಸ್ತೆಗೆ ಇಳಿಸಿ ವೇಗಕ್ಕೆ ಕಡಿವಾಣ ಹಾಕಿ, ತಿಳಿವಳಿಕೆಯನ್ನೂ ಹರಡಿದರು. ಆಮೇಲೆ 2012ರ ಜನವರಿಯಲ್ಲಿ ಅನುಮತಿಯು ಖಾಯಂ ಆಯಿತು. ಪಕ್ಕಗಾಡಿಯನ್ನು ಜೋಡಿಸಿದ ಮೋಟಾರು ಸೈಕಲ್ಲಿಗೆ ಮಾತ್ರ ಪ್ರವೇಶವಿಲ್ಲ. ಮೊದಲನೆಯ ಪರೀಕ್ಷೆಯ ಫಲವನ್ನು ಮುಚ್ಚಿಡದೆ, ಮತ್ತೊಮ್ಮೆ ಮಾಡಿ ನೋಡಿದ ಈ ರೀತಿಯನ್ನು ನಾನು ಮೆಚ್ಚಿದೆನು.

ಆದರೆ ಆಂಗ್ಲರಿಗೂ ತಮ್ಮದೇ ಆದ ಗೊಂದಲಗಳುಂಟು. ಲಂಡನ್ನಿನಲ್ಲಿ 32 ಬರೋಗಳು, ಅಂದರೆ ನಮ್ಮ ಪುರಸಭೆಗಳಂಥ ಆಡಳಿತಗಳು, ಅವುಗಳ ಮೇಲೆ ಹಳೆಯ ನಗರವು ಬೇರೆ. ಕೆಂಪು ಗೆರೆಯ ರಸ್ತೆಗಳನ್ನು ಬಿಟ್ಟು ಉಳಿದವುಗಳಿಗೆ ಅವರವರದೇ ತೀರ್ಮಾನ. ಒಂದು ಬರೋದಲ್ಲಿ ಮೋಟಾರು ಸೈಕಲ್ಲಿಗೆ ಬಸ್ಸಿನ ಪಥವು ತೆರೆದಿದ್ದರೆ, ಅದರ ಎಲ್ಲೆಯನ್ನು ದಾಟಿದೊಡನೆ ಮುಚ್ಚಿರಬಹುದು. ಸವಾರನು ರಸ್ತೆಯನ್ನು ನೋಡಬೇಕೋ ಫಲಕಗಳನ್ನು ಓದಬೇಕೋ ಎಂಬುದು ಅವನ ಹಣೆಬರಹ. ಸೀಮೆಗೊಂದು ಮಾಪು ಇದ್ದ ಹಳೆಯ ಕಾಲದ ಸುಂಕದ ಕಟ್ಟೆಗಳ ನೆನಪು ನನಗಾಯಿತು.

ಆ ರವಿವಾರ ಊಟವಾದ ಮೇಲೆ ಅಳಿಯನೊಡನೆ ಮಾತು ತೆಗೆದೆನು. ಅವನು ನಗುತ್ತ, “ಮಾಮಾ, ಅವ್ವನ ಅರ್ಜಿ ತಂದೀರಿ ಅನ್ನೂದು ನನಗ ಗೊತ್ತದ. ಆದರ ಎರಡು ಸಾಲಿನ ಕಾರಿನ ನಡುವ ನುಸುಳೂದು ಛಲೋನೋ, ಖುಲ್ಲಾ ದಾರಿಯೊಳಗ ಹೋಗೂದು ಛಲೋನೋ, ನೀವ ಹೇಳ್ರಿ” ಎಂದನು. ಅವನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಬಸ್ಸಿನ ಪಥವನ್ನು ಮುಚ್ಚಿದರೂ ಮೋಟಾರು ಸೈಕಲ್ಲಿನವನು ಕಾರುಗಳ ಹಿಂದೆ ಸುಮ್ಮನೆ ನಿಲ್ಲುವವನಲ್ಲ. ಕನ್ನಡಿ ಕನ್ನಡಿಗಳ ನಡುವಿನ ಸಂದಿನಲ್ಲಿ ಹೋಗುವನು. ಅಲ್ಲಿ ಯಾವ ಕ್ಷಣದಲ್ಲಿ ಯಾವ ಕಾರು ಪಥವನ್ನು ಬದಲಿಸುವುದೋ ಹೇಳಲು ಬಾರದು. ಮೇಲಾಗಿ ಅವನ ಕೆಲಸದ ಸರದಿಯು ಕೆಲವು ವೇಳೆ ಬೆಳಗಿನ ಜಾವದಲ್ಲಿ ಮುಗಿಯುವುದು.

“ಹಾಗಾದರೆ ನೀನು ಬಿದ್ದುದು ಎಲ್ಲಿ?” ಎಂದು ಕೇಳಿದೆನು. ಅವನು ಕೊಂಚ ಹೊತ್ತು ಸುಮ್ಮನಿದ್ದು, “ಬಸ್ಸಿನ ಪಥದಾಗ” ಎಂದನು.

ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ಮೇಲೆ ನನಗೆ ಅದರ ಮರ್ಮವು ತಿಳಿಯಿತು. ಕಾರುಗಳ ಸಾಲು ನಿಂತಿದೆ. ಎದುರಿನಿಂದ ಬಂದವನೊಬ್ಬನು ಬಲಕ್ಕೆ ತಿರುಗಿ, ಸಾಲನ್ನು ದಾಟಿ ಈಚೆಗಿನ ಓಣಿಯನ್ನು ಸೇರಬೇಕು. ಸಾಲಿನಲ್ಲಿದ್ದ ಯಾರೋ ಪುಣ್ಯಾತ್ಮನು ಮರ್ಯಾದೆಯಿಂದ ಜಾಗ ಬಿಟ್ಟು, ಹೋಗೆಂದು ಕೈಬೀಸುತ್ತಾನೆ. ಅವನು ಆ ಸಂದಿನಲ್ಲಿ ನುಗ್ಗುತ್ತಾನೆ. ಅದರಾಚೆಗೆ ಬಸ್ಸಿನ ಪಥವಿದೆ. ಬಸ್ಸು ಬರುತ್ತಿದ್ದರೆ ಕಾರುಗಳ ತಲೆಯ ಮೇಲಿಂದ ಅದರ ಕೆಂಪು ಮೈ ಕಾಣುತ್ತಿದ್ದಿತು. ಮೋಟಾರು ಸೈಕಲ್ಲು ಕಾಣುವುದಿಲ್ಲ. ಸವಾರನಿಗೂ ಕಾರು ಕಾಣುವುದಿಲ್ಲ. ಇಬ್ಬರೂ ತಪ್ಪು ಮಾಡಲಿಲ್ಲವೆಂದೇ ತಿಳಿದಿರುತ್ತಾರೆ. ಕೈಬೀಸಿದವನ ಸೌಜನ್ಯವೇ ಅನರ್ಥಕ್ಕೆ ಮೂಲವಾಗುತ್ತದೆ. ನಿಂತ ಕಾರುಗಳ ನಡುವಿನಿಂದ ಅವಸರದಲ್ಲಿ ಹೊರಬೀಳುವ ಪಾದಚಾರಿಯ ಗತಿಯೂ ಹೀಗೆಯೇ. ಅವನ ಕಿವಿಯು ಬಸ್ಸಿನ ಸದ್ದಿಗೆ ಮಾತ್ರ ಕಾದಿರುತ್ತದೆ.

ನಾನು ಗಾಡಿಯನ್ನು ಮಾರೆಂದು ಹೇಳಲಿಲ್ಲ. ಸಾಲು ನಿಂತಿರುವಾಗ ಓಣಿಯ ಬಾಯಿ ಬಂದಲ್ಲೆಲ್ಲ ಬೈಸಿಕಲ್ಲಿನ ವೇಗಕ್ಕೆ ಇಳಿಸುವೆನೆಂದು ಮಾತು ತೆಗೆದುಕೊಂಡೆನು. ಲಂಡನ್ನಿನಂಥ ಊರಿನಲ್ಲಿ, ಮೋಟಾರು ಸೈಕಲ್ಲುಗಳು ಬೆರಳೆಣಿಕೆಗೆ ಸಿಕ್ಕುವಷ್ಟು ಬರುವ ರಸ್ತೆಯಲ್ಲಿ, ವೇಗವನ್ನು ಅಳೆಯುವವರು ಇರುವಲ್ಲಿ, ಅವುಗಳನ್ನು ಬಸ್ಸಿನ ಪಥಕ್ಕೆ ಬಿಟ್ಟುದು ಸರಿಯೆಂದೇ ನನ್ನ ಅಭಿಪ್ರಾಯ.

ಊರಿಗೆ ಮರಳಿದ ಮೇಲೆ ಈ ಅಭಿಪ್ರಾಯವೇ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ತಂಗಿಯ ಕಿರಿಯ ಮಗನು ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಮೋಟಾರು ಸೈಕಲ್ಲಿನ ಮೇಲೆ ಹೋಗುವವನು. ಈ ಎರಡು ಊರುಗಳ ನಡುವೆ ರಸ್ತೆಯ ಮಧ್ಯಭಾಗವನ್ನು ಬೇಲಿಯಿಂದ ಬೇರ್ಪಡಿಸಿ, ಸುಮಾರು 22 ಕಿಲೋಮೀಟರು ಬಸ್ಸಿನ ಪಥವನ್ನು ಕಟ್ಟಿದುದು ವಾಚಕರಿಗೆ ತಿಳಿದೇ ಇದೆ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅದರಲ್ಲಿ ಓಡುವ ಬಸ್ಸುಗಳಿಗೆ ‘ಚಿಗರಿ’ ಎಂಬ ಅಂದವಾದ ಹೆಸರನ್ನಿಟ್ಟರು. ಪಕ್ಕದ ರಸ್ತೆಗಳಲ್ಲಿ ಇಕ್ಕಟ್ಟು, ನಡುವೆ ಬರಿದಾಗಿ ತೋರುವ ಪಥ. ಅದನ್ನು ನಮಗೂ ಬಿಡಿರೆಂಬ ಕೂಗು ಇಲ್ಲಿ ಹೊಸದಲ್ಲ. “ಅಣ್ಣಗ ಅಲ್ಲಿ ಬಿಡತಾರ, ನನಗ ಇಲ್ಲಿ ಯಾಕ ಬಿಡಬಾರದು?” ಎಂದು ಹುಡುಗನು ಕೇಳಿದನು.

ಅವನಿಗೆ ನಾನು ಕೊಟ್ಟ ಉತ್ತರವಿಷ್ಟು. ಲಂಡನ್ನಿನ ಪಥವು ರಸ್ತೆಯ ಅಂಚಿನಲ್ಲಿದೆ, ಇಲ್ಲಿಯದು ನಟ್ಟನಡುವೆ. ಉಣಕಲ್ಲಿನಲ್ಲಾಗಲಿ ನವನಗರದಲ್ಲಾಗಲಿ ಬಸ್ಸು ಹತ್ತುವ ಮುದುಕಿಯು ಅರ್ಧ ರಸ್ತೆಯನ್ನು ದಾಟಿಯೇ ನಿಲ್ದಾಣವನ್ನು ಸೇರಬೇಕು. ಅಲ್ಲಿ ಮೋಟಾರು ಸೈಕಲ್ಲುಗಳು ವಿರಳ. ನಮ್ಮಲ್ಲಿ ಮೂರು ಗಾಡಿಗಳಲ್ಲಿ ಎರಡು ಅವೇ ಎಂದರೂ ಸಲ್ಲುವುದು. ಅವೆಲ್ಲ ಒಳಕ್ಕೆ ಬಂದರೆ ಅದು ಬಸ್ಸಿನ ಪಥವಾಗಿ ಉಳಿಯುವುದಿಲ್ಲ. ದಿಲ್ಲಿಯಲ್ಲಿ 2008ರಲ್ಲಿ ಅಂಬೇಡ್ಕರ ನಗರದಿಂದ ಮೂಲಚಂದದ ವರೆಗೆ ಇಂಥದೇ ಪಥವನ್ನು ಮಾಡಿದ್ದರು. ಅನ್ಯ ವಾಹನಗಳು ನುಗ್ಗುವುದೂ ಹೊರಗಿನವರು ಬೈಯುವುದೂ ನಿಲ್ಲಲಿಲ್ಲ; 2016ರಲ್ಲಿ ಅದನ್ನು ಕಿತ್ತುಹಾಕಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗಾಗಿ ನೆಟ್ಟ ಗೂಟಗಳೂ ಬಹುಕಾಲ ಬಾಳಲಿಲ್ಲ. ಹುಡುಗನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಚಿಗರಿಯೊಂದು ಹೋಗಿ ಇನ್ನೊಂದು ಬರುವ ವರೆಗೆ ಅಷ್ಟು ಅಗಲದ ರಸ್ತೆಯು ಬಿಸಿಲು ಕಾಯುತ್ತ ಬಿದ್ದಿರುವುದನ್ನು ದಿನವೂ ನೋಡುವವನಿಗೆ ನನ್ನ ಮಾತು ಸಪ್ಪೆಯಾಗಿ ತೋರಿದರೆ ಅವನನ್ನು ದೂರಲಾರೆ. ಬಸ್ಸುಗಳನ್ನು ಹೆಚ್ಚಿಸಿದರೆ ಅವನ ವಾದದ ಬಲವು ತಗ್ಗೀತು.

ಮರುವಾರ ತಂಗಿಯನ್ನು ಕರೆದುಕೊಂಡು ಹುಬ್ಬಳ್ಳಿಯ ಮದುವೆಯೊಂದಕ್ಕೆ ಚಿಗರಿಯಲ್ಲಿ ಹೋದೆನು. ವಿದ್ಯಾನಗರದಲ್ಲಿ ಇಳಿದು ಪಥವನ್ನು ದಾಟಬೇಕು. ಬಸ್ಸು ಬರುವ ದಿಕ್ಕನ್ನು ನೋಡಿ ಅವಳು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ವಿರುದ್ಧ ದಿಕ್ಕಿನಿಂದ, ಪಥದೊಳಗೆಯೇ, ಇಬ್ಬರು ತರುಣರನ್ನು ಹೊತ್ತ ಮೋಟಾರು ಸೈಕಲ್ಲು ಅವಳ ಸೆರಗನ್ನು ಸವರಿಕೊಂಡು ಹಾಯ್ದುಹೋಯಿತು. ನಾನು ತೋಳನ್ನು ಹಿಡಿದು ಹಿಂದಕ್ಕೆಳೆದೆನು. ಉಡುಗೊರೆಯ ಚೀಲವು ಕೈಜಾರಿ ನೆಲಕ್ಕೆ ಬಿದ್ದಿತು. ಅವಳು ಅದನ್ನು ಎತ್ತಿಕೊಂಡು, ಧೂಳನ್ನು ಕೊಡವಿ, ಹೋದವರ ಕಡೆಗೆ ಒಂದು ಗಳಿಗೆ ನೋಡಿದಳು.

“ಅಲ್ಲಿ ನಮ್ಮವ ಹಿಂಗ ಹೋಗತಾನೇನು?” ಎಂದು ಕೇಳಿದಳು.

“ಇಲ್ಲ, ಹಿಂಗ ಹೋಗೂದಿಲ್ಲ” ಎಂದೆನು. ಅವಳು ಮತ್ತೇನನ್ನೂ ಕೇಳಲಿಲ್ಲ. ಈ ಸಲ ಎರಡೂ ದಿಕ್ಕುಗಳನ್ನು ನೋಡಿ ದಾಟಿದೆವು.