ಮುಪ್ಪಿನ ವಿದ್ಯಾರ್ಥಿ

ನಿವೃತ್ತನಾದ ಉಪಾಧ್ಯಾಯನು ಮಾಡತಕ್ಕ ಕೆಲಸಗಳೆಂದು ನಮ್ಮೂರಿನವರು ಗೊತ್ತುಮಾಡಿರುವುದು ಎರಡು: ಪಂಚಾಂಗ ನೋಡಿ ಮುಹೂರ್ತ ಹೇಳುವುದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುವುದು. ಇವೆರಡನ್ನೂ ನಡೆಸಿಕೊಂಡು ಉಳಿದ ಹೊತ್ತಿನಲ್ಲಿ ನಾನು ಸಣ್ಣ ಕಥೆಗಳನ್ನು ಬರೆಯುತ್ತಿದ್ದೇನೆ. ಗಣಿತವನ್ನು ನನ್ನಷ್ಟಕ್ಕೆ ನಾನೇ ಕಲಿಯುತ್ತಿದ್ದೇನೆ. ವಯಸ್ಸು 67. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿದವನಿಗೆ ಇವೆರಡೂ ಹೊಸ ವಿದ್ಯೆಗಳೇ ಸರಿ.

ಎರಡಕ್ಕೂ ಗುರುಗಳಿಲ್ಲ. ಪುಸ್ತಕವೇ ಗುರುವೆನ್ನುವ ಮಿತ್ರರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಪುಸ್ತಕವು ಹೇಳುತ್ತದೆಯೇ ಹೊರತು ನಮ್ಮನ್ನು ತಡೆದು ನಿಲ್ಲಿಸಿ ಕೇಳುವುದಿಲ್ಲ.

ಭಾಸ್ಕರಾಚಾರ್ಯರು 1150ರ ಸುಮಾರಿನಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಒಂದು ಲೆಕ್ಕವಿದೆ. 9 ಮೊಳದ ಕಂಬ, ಅದರ ಬುಡದಲ್ಲಿ ಹಾವಿನ ಬಿಲ, ಮೇಲೊಂದು ನವಿಲು. 27 ಮೊಳ ದೂರದಿಂದ ಹಾವು ಬಿಲದ ಕಡೆಗೆ ಬರುವುದನ್ನು ಕಂಡು ನವಿಲು ಓರೆಯಾಗಿ ಎರಗುತ್ತದೆ. ಎರಡೂ ಸಾಗಿದ ದೂರ ಸಮವಾದರೆ ಬಿಲದಿಂದ ಎಷ್ಟು ಮೊಳದಲ್ಲಿ ಸಂಧಿಸುತ್ತವೆ? ಸೂತ್ರದಂತೆ 9ರ ವರ್ಗವಾದ 81ನ್ನು 27ರಿಂದ ಭಾಗಿಸಿ, ಬಂದ 3ನ್ನು 27ರಲ್ಲಿ ಕಳೆದು ಅರ್ಧಮಾಡಿದರೆ 12.

ನೆರೆಮನೆಯ ಹುಡುಗಿಯೊಬ್ಬಳು ಕಾಲೇಜಿನಲ್ಲಿ ಗಣಿತ ಓದುತ್ತಾಳೆ. ಉತ್ತರವನ್ನು ತೋರಿಸಲು, “ಸರಿ ಮೇಷ್ಟ್ರೇ, ಆದರೆ ಭಾಗಿಸುವುದು ಏಕೆ?” ಎಂದಳು. ಬಿಲದಿಂದ ಸಂಧಿಸುವ ಸ್ಥಳದವರೆಗೆ ಭುಜ, ಕಂಬವೇ ಕೋಟಿ, ನವಿಲಿನ ದಾರಿ ಕರ್ಣ. ಹಾವಿನ ದಾರಿಯೂ ಕರ್ಣಕ್ಕೆ ಸಮವಾದುದರಿಂದ ಭುಜಕರ್ಣಗಳ ಮೊತ್ತ 27. ಕರ್ಣವರ್ಗದಲ್ಲಿ ಭುಜವರ್ಗವನ್ನು ಕಳೆದರೆ ಕೋಟಿವರ್ಗ. ಅದೇ ಆ ಎರಡರ ಮೊತ್ತವ್ಯತ್ಯಾಸಗಳ ಗುಣಲಬ್ಧ. ಆದಕಾರಣ ಮೊತ್ತದಿಂದ ಭಾಗಿಸಿದರೆ ವ್ಯತ್ಯಾಸವು ಬರಲೇಬೇಕು. ಇದನ್ನು ಕಾಣಲು ಎರಡು ರಾತ್ರಿ ಹಿಡಿಯಿತು. ಸೂತ್ರವನ್ನು ಬಾಯಿಪಾಠ ಮಾಡಿದಾಗ ಆ ಎರಡು ರಾತ್ರಿಗಳ ಸುಖವಿರಲಿಲ್ಲ. ರಾಮಾನುಜನ್ನರು 1913ರಲ್ಲಿ ಮದರಾಸಿನಿಂದ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಕಾಗದ ಬರೆದಾಗ, ಹಾರ್ಡಿಯವರೂ ಮರುಕಾಗದದಲ್ಲಿ ಕೇಳಿದ್ದು ಉಪಪತ್ತಿಗಳನ್ನೇ. (ನನ್ನಂಥವನು ಆ ಹೆಸರೆತ್ತುವುದು ಧಾರ್ಷ್ಟ್ಯ, ವಾಚಕರು ಮನ್ನಿಸಬೇಕು.)

ಅದೇ ಹುಡುಗಿಗೆ ನನ್ನ ಕಥೆಯನ್ನು ಕೊಟ್ಟರೆ, “ಚೆನ್ನಾಗಿದೆ ಮೇಷ್ಟ್ರೇ” ಎಂದು ಹಿಂದಿರುಗಿಸುತ್ತಾಳೆ. ಮಿತ್ರರೂ ಅಷ್ಟೇ. ಮುದುಕನ ಮನಸ್ಸು ನೋಯಬಾರದೆಂಬ ದಯೆ. ಆ ದಯೆಯಿಂದ ನನಗೆ ಒಂದು ವಾಕ್ಯದ ಉಪಯೋಗವೂ ಆಗಿಲ್ಲ. ಮಾಸ್ತಿಯವರ ಕಥೆಗಳನ್ನು ಹತ್ತಾರು ಸಲ ಓದಿದ್ದೇನೆ. ಹೊಲಿಗೆ ಎಲ್ಲಿದೆಯೆಂದು ಕಾಣುವುದೇ ಇಲ್ಲ. ಭಾಸ್ಕರಾಚಾರ್ಯರು ನವಿಲಿನ ಕೊಕ್ಕು ಹಾವಿಗೆ ತಗುಲಿದೊಡನೆ ನಿಲ್ಲಿಸಿಬಿಟ್ಟರು. ಅವರಿಗೆ ಬೇಕಾದದ್ದು ದೂರ ಮಾತ್ರ. ಕಥೆಗಾರನು ಎಲ್ಲಿ ನಿಲ್ಲಿಸಬೇಕು?

ಮೊದಲು ಹಾಗೆ ಕೇಳುವವರೊಬ್ಬರು ಮನೆಯಲ್ಲೇ ಇದ್ದರು. ನನ್ನ ಪತ್ನಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಅಕ್ಕಿ ಆರಿಸುತ್ತ ಕಥೆ ಕೇಳಿ, “ಆ ಹೆಂಗಸು ಅಲ್ಲಿ ಅಳುವುದೇಕೆ? ಅಷ್ಟು ಕೆಲಸವಿರುವಾಗ ಅಳುವುದಕ್ಕೆ ಹೊತ್ತೆಲ್ಲಿ?” ಎನ್ನುವಳು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅಲ್ಲಿಂದೀಚೆಗೆ ನನ್ನ ಕಥೆಗಳಲ್ಲಿ ಎಲ್ಲರೂ ಧಾರಾಳವಾಗಿ ಅಳುತ್ತಿದ್ದಾರೆ, ಬೇಡವೆನ್ನುವವರಿಲ್ಲ.

ವಾಚಕರಲ್ಲಿ ಕಥೆ ಬರೆದು ಪಳಗಿದವರು, ನನಗಿಂತ ಎಷ್ಟೇ ಕಿರಿಯರಾಗಿರಲಿ, ನನ್ನ ಒಂದು ಕಥೆಯನ್ನು ಓದಿ ಅಂಚಿನಲ್ಲಿ ನಾಲ್ಕು ಕಡೆ ‘ಏಕೆ’ ಎಂದು ಬರೆದು ಕಳುಹಿಸಿಕೊಟ್ಟರೆ ಉಪಕಾರವಾದೀತು. ಕಥೆ ಆರು ಪುಟದ್ದು. ಅಂಚನ್ನು ಅಗಲವಾಗಿಯೇ ಬಿಟ್ಟಿದ್ದೇನೆ. ಸಂಪಾದಕರಿಗೆ ಬರೆದರೆ ನನಗೆ ತಲುಪುತ್ತದೆ. ಎರಡು ಕಡೆಯ ಅಂಚೆವೆಚ್ಚವೂ ನನ್ನದೇ.