ಸುಲ್ತಾನ್ ಬತ್ತೇರಿಯಾಚೆಯ ಬಿಸಿಲು

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ, ಕಪ್ಪುಕಲ್ಲಿನ ಪುಟ್ಟ ಕಾವಲುಗೋಪುರವೊಂದಿದೆ. ಶತ್ರುನೌಕೆಗಳು ನದಿಯೊಳಕ್ಕೆ ನುಗ್ಗದಂತೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯಿದು. ಬತ್ತೇರಿಯೆಂದರೆ ‘ಬ್ಯಾಟರಿ’, ಫಿರಂಗಿಗಳ ಸಾಲು. ವಿದ್ಯುತ್ತನ್ನು ಕೂಡಿಡುವ ಸಾಧನಗಳ ಸಾಲಿಗೆ ಬೆಂಜಮಿನ್ ಫ್ರಾಂಕ್ಲಿನ್ ಅದೇ ಹೆಸರನ್ನಿಟ್ಟುದೂ ಫಿರಂಗಿಸಾಲನ್ನು ನೆನೆದೇ! ಈ ಗೋಪುರದ ಬಳಿ ದೋಣಿ ಹತ್ತಿ ತಣ್ಣೀರುಬಾವಿಯ ಮರಳಿಗಿಳಿಯುವ ಪ್ರವಾಸಿಯ ಚೀಲದಲ್ಲಿರುವುದು ಎರಡನೆಯ ಬಗೆಯ ಬ್ಯಾಟರಿ. ಕೆಲವೊಮ್ಮೆ ಅದರ ಜೊತೆಗೆ ಪುಸ್ತಕದಂತೆ ಮಡಿಸುವ ಸೌರಫಲಕವೂ ಉಂಟು.

ಹರೀಶ್ ಹಂದೆಯವರು 1995ರಲ್ಲಿ ಸಹಸ್ಥಾಪಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳ ಮಾಡಿನ ಮೇಲೆ ಸೂರ್ಯಫಲಕಗಳನ್ನು ಕೂಡಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಚೀಲಕ್ಕಿಳಿದಿರುವ ಫಲಕ ಅದೇ ಜಾತಿಯ ಮರಿ.

ಮರಿಯ ಸ್ವಭಾವವನ್ನು ಅರಿಯದವನಿಗೆ ನಿರಾಶೆ ಖಂಡಿತ. 20 ವಾಟ್ ಎಂದು ಬರೆದಿದ್ದರೆ, ಅದು 25 ಡಿಗ್ರಿ ಉಷ್ಣತೆಯಲ್ಲಿ ಪ್ರಖರ ಬೆಳಕು ಬಿದ್ದಾಗಿನ ಲೆಕ್ಕ. ಏಪ್ರಿಲಿನ ನಡುಹಗಲಲ್ಲಿ ಫಲಕವೇ 60 ಡಿಗ್ರಿಗೆ ಕಾಯಬಹುದು. ಡಿಗ್ರಿಯೊಂದಕ್ಕೆ ಶೇಕಡ 0.4ರಷ್ಟು ಶಕ್ತಿ ಕುಂದುತ್ತದೆ. 12-14 ವಾಟ್ ದೊರೆತರೆ ತೃಪ್ತಿಪಡಬೇಕು. ನೆರಳಿಗೆಂದು ತೆಂಗಿನ ಬುಡದಲ್ಲಿ ಹರಡಿದರೆ ಅದೂ ಹೋಯಿತು. ಕೋಶಗಳನ್ನು ಸರದ ಮಣಿಗಳಂತೆ ಒಂದಕ್ಕೊಂದು ಜೋಡಿಸಿರುವುದರಿಂದ, ಒಂದು ಗರಿಯ ನೆರಳು ಬಿದ್ದರೂ ಇಡೀ ಸರ ಸೊರಗುತ್ತದೆ. ಫಲಕ ಬಿಸಿಲಿನಲ್ಲಿರಲಿ, ಫೋನು ಅದರ ಅಡಿಯ ನೆರಳಿನಲ್ಲಿರಲಿ. ನೇರವಾಗಿ ಫೋನಿಗೆ ತುಂಬುವುದಕ್ಕಿಂತ ಪವರ್ ಬ್ಯಾಂಕಿಗೆ ತುಂಬುವುದು ಲೇಸು. ಮೋಡವೊಂದು ಹಾಯ್ದಾಗ ಫೋನಿನ ಚಾರ್ಜು ಕಡಿದುಹೋಗುವ ಪೀಡೆಯಿಲ್ಲ. ಸಂಜೆ ಮನೆ ಸೇರಿದ ಮೇಲೆ ಉಪ್ಪುಗಾಳಿಯ ಪಸೆಯನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಬೇಕು.

ಪ್ರವಾಸಿಗೆ ಇದೆಲ್ಲ ವಿನೋದ. ಅದೇ ಮರಳದಂಡೆಯ ದಕ್ಷಿಣ ತುದಿ ಬೆಂಗರೆ. ಅಲ್ಲಿನ ಮೊಗವೀರರಿಗೆ ಫೋನೆಂದರೆ ದಡದೊಡನೆ ಉಳಿದಿರುವ ನಂಟು. ಸಿಗ್ನಲ್ ಸಿಗುವಷ್ಟು ದೂರದಲ್ಲಿ ದೋಣಿ ಮಗುಚಿದರೆ ಕರಾವಳಿ ರಕ್ಷಣಾಪಡೆಯ 1554ಕ್ಕೆ ಕರೆ ಹೋಗಬೇಕು. ಹೋಗಲು ಫೋನಿನಲ್ಲಿ ಜೀವವಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದರೂ ನಾಡದೋಣಿಗಳು ಕಡಲಿಗಿಳಿಯುತ್ತವೆ. ಬಿಸಿಲು ಕಣ್ಮರೆಯಾಗುವ ತಿಂಗಳುಗಳೂ ಅವೇ! ಕಾರ್ಮೋಡದ ಕೆಳಗೆ 20 ವಾಟಿನ ಫಲಕ ಎರಡು ವಾಟ್ ಕೊಟ್ಟರೂ ದೊಡ್ಡದು. ಗಾಳಿಗೆ ಮರವುರುಳಿ ಕರೆಂಟೂ ಹೋದ ದಿನ ಆ ಎರಡು ವಾಟನ್ನೂ ಬಿಡುವಂತಿಲ್ಲ. ಮಳೆ ಹೊಳವಾದೊಡನೆ ಅಂಗಳದಲ್ಲಿ ಫಲಕ ಬಿಚ್ಚಬೇಕು, ಹನಿ ಬಿದ್ದೊಡನೆ ಮಡಿಸಬೇಕು, ಮೀನು ಒಣಗಿಸುವವರು ಚಾಪೆ ಎಳೆದಂತೆ.