ಅಡಿಪಾಯವನ್ನರಿತು ಮಹಡಿ

ಸಿದ್ಧವಾಗಿಯೇ ಮಿತಬೆಲೆಗೆ ದೊರೆಯುವ ಆಟದ ಕಂಪ್ಯೂಟರನ್ನು ಕೊಂಡ ತರುಣನಿಗೆ ಮೊದಲ ವರ್ಷ ಸಂತೋಷ, ಎರಡನೆಯ ವರ್ಷ ಅಸಮಾಧಾನ. ಹೊಸ ಆಟಗಳು ತಡವರಿಸತೊಡಗಿದೊಡನೆ ಅವನ ಕಣ್ಣು ದುಬಾರಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ತಂದೆ ಸಂಬಳದಲ್ಲಿ ಉಳಿಸಿಟ್ಟ ಹಣ ಒಂದೇ ದಿನದಲ್ಲಿ ಕರಗುವುದು ಇಂತಹ ಗಳಿಗೆಯಲ್ಲಿಯೇ.

ಮಹಡಿ ಕಟ್ಟುವವನು ಮೊದಲು ಅಡಿಪಾಯವನ್ನು ನೋಡುತ್ತಾನೆ. ಇಲ್ಲಿ ಅಡಿಪಾಯವೆಂದರೆ ಭಾಗಗಳಿಗೆಲ್ಲ ವಿದ್ಯುತ್ತನ್ನು ಹಂಚುವ ಪವರ್ ಸಪ್ಲೈ. ಬೆಲೆಯಿಳಿಸಬೇಕಾದಾಗ ತಯಾರಕರು ಅದರಲ್ಲಿಯೇ ಕೈ ಬಿಗಿ ಹಿಡಿಯುವುದುಂಟು. ಕಾರ್ಡು ಕೂರುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟ್ ಕೊಡಬಲ್ಲುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಮೀರಿ ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದಲೇ ಪ್ರತ್ಯೇಕ ತಂತಿ ಬರಬೇಕು. ಇಂಟೆಲ್ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಎ.ಟಿ.ಎಕ್ಸ್. ಮಾನದಂಡವನ್ನು ಬಿಟ್ಟು ತಮ್ಮದೇ ಜೋಡಣೆಯನ್ನು ಹೊಂದಿದ ಯಂತ್ರಗಳಲ್ಲಿ ಪವರ್ ಸಪ್ಲೈಯನ್ನು ಬದಲಿಸುವುದೂ ಕಷ್ಟ.

ಗ್ರಾಫಿಕ್ಸ್ ಕಾರ್ಡೊಂದೇ ದಾರಿಯೂ ಅಲ್ಲ. 8 ಜಿ.ಬಿ.ಯ ಒಂದೇ ರ‍್ಯಾಮ್ ಪಟ್ಟಿಯಿರುವಲ್ಲಿ ಅದೇ ಬಗೆಯ ಇನ್ನೊಂದನ್ನು ಸರಿಯಾದ ಸ್ಲಾಟಿನಲ್ಲಿ ಕೂರಿಸಿದರೆ, ಎರಡು ಚಾನೆಲ್‌ಗಳ ಸೌಕರ್ಯವಿರುವ ಮದರ್‌ಬೋರ್ಡಿನಲ್ಲಿ ಮಾಹಿತಿ ಹರಿಯುವ ದಾರಿಯೂ ಇಮ್ಮಡಿಯಾಗುತ್ತದೆ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಬಂದರೆ ಆಟ ತೆರೆದುಕೊಳ್ಳಲು ಕಾಯುವ ಹೊತ್ತು ಕುಗ್ಗುತ್ತದೆ. ಚಿತ್ರಗಳ ವೇಗವನ್ನು ಮಾತ್ರ ಅದರಿಂದ ಹೆಚ್ಚಾಗಿ ನಿರೀಕ್ಷಿಸಲಾಗದು.

ಪ್ರತಿಯೊಂದು ಭಾಗಕ್ಕೂ ಅದರದೇ ಕಾಯಕವಿದೆ. ಒಂದರ ಕೊರತೆಯನ್ನು ಮತ್ತೊಂದು ತುಂಬಲಾರದು. ಕೊರತೆಯನ್ನರಿತು ಕೊಳ್ಳುವವನಿಗೆ ಒಂದು ಬಿಡಿಭಾಗ ಸಾಕು. ಅರಿಯದೆ ಕೊಳ್ಳುವವನಿಗೆ ಇಡೀ ಅಂಗಡಿಯೂ ಸಾಲದು.